ಗಾಳಿಗೆ ಮರೆ ಎಲ್ಲಿದೆ ಅಂತ ಕೇಳಿ: ಸೌತ್ ಡಕೋಟದ ಐ-90ರಲ್ಲಿ ಆರ್‌ವಿ ನಿಲ್ಲಿಸುವ ಜಾಗ

ಪ್ರಶ್ನೆ: ನಾವು ಷಿಕಾಗೋ ಹತ್ತಿರ ಇದ್ದೇವೆ. ಜೂನ್ ಮೂರನೇ ವಾರ 28 ಅಡಿಯ ಆರ್‌ವಿ, ಅಂದರೆ ಒಳಗೇ ಮನೆ ಇರುವ ಗಾಡಿ, ಬಾಡಿಗೆಗೆ ಹಿಡಿದು, ಐ-90 ಹೆದ್ದಾರಿಯಲ್ಲಿ ಸೌತ್ ಡಕೋಟ ದಾಟಿ, ಬ್ಯಾಡ್‌ಲ್ಯಾಂಡ್ಸ್, ಮೌಂಟ್ ರಶ್ಮೋರ್ ನೋಡಿಕೊಂಡು ಯೆಲ್ಲೋಸ್ಟೋನ್‌ಗೆ ಹೋಗಬೇಕು. ದಾವಣಗೆರೆಯಿಂದ ಅಪ್ಪ ಅಮ್ಮ ಬಂದಿದ್ದಾರೆ, ಜೊತೆಗೆ ಇಬ್ಬರು ಮಕ್ಕಳು. ಆರ್‌ವಿ ಓಡಿಸುವುದು ಇದೇ ಮೊದಲು. ಆಫೀಸಿನ ಗೆಳೆಯರೊಬ್ಬರು 'ಅಲ್ಲಿ ಗಾಳಿ ಬಹಳ, ಹುಷಾರು' ಅಂದರು. ಆನ್‌ಲೈನ್‌ನಲ್ಲಿ ನೋಡಿದರೆ ಆರ್‌ವಿ ನಿಲ್ಲಿಸಿ ತಂಗುವ ಎಲ್ಲ ಪಾರ್ಕಿಗೂ ನಾಲ್ಕೂವರೆ ಸ್ಟಾರ್ ಇದೆ. ಯಾವುದನ್ನು ಬುಕ್ ಮಾಡಲಿ? ಅಮ್ಮನಿಗೆ ಒಂದು ದಿನವಾದರೂ ಹೊರಗೆ ಕೂತು ಅಡುಗೆ ಮಾಡುವ ಆಸೆ. ಆಗುತ್ತದಾ?

ಉತ್ತರ: ನಿಮ್ಮ ಗೆಳೆಯರ ಮಾತು ನಿಜ. ಗಾಳಿ ನಿಮ್ಮ ಅಪ್ಪ ಅಮ್ಮನಿಗೆ ಹೊಸದೇನಲ್ಲ. ದಾವಣಗೆರೆ, ಚಿತ್ರದುರ್ಗದ ಕಡೆ ಆಷಾಢದಲ್ಲಿ ಒಣಗಲು ಹಾಕಿದ ಬಟ್ಟೆ ಪಕ್ಕದ ಮನೆ ಸೇರುತ್ತದೆ. ಇಲ್ಲಿಯೂ ಅಂಥದ್ದೇ ಗಾಳಿ. ಆದರೆ ಇಲ್ಲಿ ನಿಮ್ಮ ಮನೆಗೆ ಚಕ್ರ ಇರುತ್ತದೆ.

ಸ್ಟಾರ್‌ಗಳನ್ನು ಮೊದಲು ಮರೆತುಬಿಡಿ. ಅವನ್ನು ಕೊಡುವುದು ಈಜುಕೊಳಕ್ಕೆ, ವೈಫೈಗೆ, ಬಾತ್‌ರೂಮಿನ ಚೊಕ್ಕತನಕ್ಕೆ, ಭಾನುವಾರದ ಪ್ಯಾನ್‌ಕೇಕಿಗೆ. ಮರ ಯಾವ ಮಗ್ಗುಲಿಗಿದೆ ಅಂತ ಯಾರೂ ಬರೆಯುವುದಿಲ್ಲ. ಈ ದಾರಿಯಲ್ಲಿ ನಿಮಗೆ ನಿದ್ದೆ ಬರುತ್ತದೋ ಇಲ್ಲವೋ ಅನ್ನುವುದು ಅದೊಂದರ ಮೇಲೆ ನಿಂತಿದೆ. ಒಂದೇ ಪಾರ್ಕಿನಲ್ಲಿ 12ನೇ ಸೈಟ್ ಸ್ವರ್ಗ, 40ನೇ ಸೈಟ್ ಜೋಕಾಲಿ ಆಗಿರಬಹುದು. ಹಾಗಾಗಿ ನೀವು ಆರಿಸಬೇಕಾದ್ದು ಸೈಟನ್ನು, ಅಂದರೆ ನಿಮ್ಮ ಗಾಡಿ ನಿಲ್ಲುವ ಜಾಗವನ್ನು. ಪಾರ್ಕಿನ ಹೆಸರು ಆಮೇಲೆ.

ದಿಕ್ಕಿನಿಂದ ಶುರು ಮಾಡೋಣ. ಐ-90 ಸೌತ್ ಡಕೋಟದಲ್ಲಿ ಸುಮಾರು 412 ಮೈಲಿ ಹೆಚ್ಚುಕಡಿಮೆ ಪೂರ್ವ-ಪಶ್ಚಿಮವಾಗಿ ಓಡುತ್ತದೆ. ಬೇಸಿಗೆಯ ಮಾಮೂಲಿ ಗಾಳಿ ದಕ್ಷಿಣದಿಂದ, ಆಗ್ನೇಯದಿಂದ. ತಣ್ಣನೆಯ ಹವೆ ನುಗ್ಗಿದ ದಿನ ವಾಯವ್ಯದಿಂದ. ಅಂದರೆ ನೀವು ಪಶ್ಚಿಮಕ್ಕೆ ಹೋಗುವಾಗ ಮಾಮೂಲಿ ಗಾಳಿ ಬಡಿಯುವುದು ಗಾಡಿಯ ಪಕ್ಕೆಗೆ. ಎದುರು ಗಾಳಿ ಪೆಟ್ರೋಲ್ ಕುಡಿಯುತ್ತದೆ ಅಷ್ಟೆ. ಪಕ್ಕದ ಗಾಳಿ ಸ್ಟೀರಿಂಗನ್ನು ಕೈಯಿಂದ ಎಳೆಯುತ್ತದೆ.

ಸಣ್ಣ ಲೆಕ್ಕ. ನಿಮ್ಮ ಗಾಡಿಯ ಪಕ್ಕೆ ಸುಮಾರು 250 ಚದರ ಅಡಿ ಅಂದುಕೊಳ್ಳಿ. ಗಂಟೆಗೆ 20 ಮೈಲಿ ಗಾಳಿ ಅದರ ಮೇಲೆ ಸುಮಾರು 250 ಪೌಂಡ್ ಒತ್ತುತ್ತದೆ. 40 ಮೈಲಿಯಾದರೆ ಸಾವಿರ ಪೌಂಡ್. 60 ಆದರೆ 2,300. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. 'ನಿನ್ನೆಗಿಂತ ಸ್ವಲ್ಪ ಜಾಸ್ತಿ ಇದೆ, ಹೋಗೋಣ' ಅಂದುಕೊಂಡವರು ಅದಕ್ಕೇ ಮೋಸ ಹೋಗುತ್ತಾರೆ.

ಈಗ ಬಾಗಿಲಿನ ವಿಷಯ. ಅಮೆರಿಕದ ಆರ್‌ವಿಗಳಿಗೆ ಬಾಗಿಲು ಬಲಗಡೆ. ಅದರ ಮೇಲಿನ ಬಟ್ಟೆಯ ಚಪ್ಪರ, ಇಲ್ಲಿಯವರು ಆನಿಂಗ್ ಅನ್ನುವುದು, ಅದೂ ಬಲಗಡೆಯೇ. ಕರೆಂಟು, ನೀರು, ಕೊಳಚೆ ಪೈಪು ಎಡಗಡೆ. ಇದನ್ನು ಬದಲಾಯಿಸಲು ಆಗುವುದಿಲ್ಲ. ಹಾಗಾಗಿ ಸೈಟಿನಲ್ಲಿ ಗಾಡಿಯ ಮೂತಿ ಯಾವ ಕಡೆಗೆ ಅನ್ನುವುದೇ ನಿಮ್ಮ ಬಾಗಿಲು ಯಾವ ಗಾಳಿಗೆ ತೆರೆಯುತ್ತದೆ ಅಂತ ತೀರ್ಮಾನ ಮಾಡಿಬಿಡುತ್ತದೆ. ಮೂತಿ ಪಶ್ಚಿಮಕ್ಕಿದ್ದರೆ ಬಾಗಿಲು ಉತ್ತರಕ್ಕೆ. ದಕ್ಷಿಣದ ಗಾಳಿಗೆ ಗಾಡಿಯೇ ಗೋಡೆಯಾಗುತ್ತದೆ, ಮಧ್ಯಾಹ್ನದ ನೆರಳೂ ಬಾಗಿಲ ಕಡೆಯೇ ಬೀಳುತ್ತದೆ. ಮೂತಿ ಪೂರ್ವಕ್ಕಿದ್ದರೆ ಎಲ್ಲವೂ ಉಲ್ಟಾ: ಗಾಳಿ ನೇರ ಆನಿಂಗಿನ ಹೊಟ್ಟೆಗೆ, ಬಿಸಿಲು ನೇರ ಕುರ್ಚಿಗೆ.

ಬಾಗಿಲು ಅಂದೆ, ಅದನ್ನು ಸುಮ್ನೆ ಹೇಳಲಿಲ್ಲ. ವಯಸ್ಸಾದವರು ಜೊತೆಗಿದ್ದಾಗ ಗಾಳಿಯಲ್ಲಿ ನನಗೆ ಅತಿ ಹೆಚ್ಚು ಭಯ ಇರುವುದು ಆ ಬಾಗಿಲಿನದ್ದೇ. ಅದು ಹೊರಕ್ಕೆ ತೆರೆಯುತ್ತದೆ. ಚಿಲಕ ಬಿಡಿಸಿದ ಕೂಡಲೇ ಗಾಳಿ ಅದನ್ನು ಕಿತ್ತುಕೊಳ್ಳುತ್ತದೆ. ಹಿಡಿ ಬಿಡದೆ ಹಿಡಿದ ಅಜ್ಜಿ ಅದರ ಹಿಂದೆಯೇ ಮೆಟ್ಟಿಲು ಇಳಿದುಬಿಡುತ್ತಾರೆ. ಮೊದಲ ದಿನವೇ ಮನೆಯಲ್ಲಿ ಒಂದು ನಿಯಮ ಮಾಡಿ: ಬಾಗಿಲು ತೆರೆಯುವವರು ನೀವು ಅಥವಾ ನಿಮ್ಮ ಮನೆಯವರು ಮಾತ್ರ.

ಇನ್ನು ಮರಗಳು. ಈ ಬಯಲಿನಲ್ಲಿ ಸಾಲಾಗಿ ನಿಂತ ಮರ ಕಂಡರೆ ಅದು ತಾನೇ ಬೆಳೆದದ್ದಲ್ಲ, ಯಾರೋ ನೆಟ್ಟದ್ದು ಅಂತ ಇಟ್ಟುಕೊಳ್ಳಿ. 1930ರ ದಶಕದಲ್ಲಿ ಬರ ಬಂದು ಮೇಲ್ಮಣ್ಣು ಧೂಳಾಗಿ ಹಾರಿಹೋದಾಗ ರೂಸ್‌ವೆಲ್ಟ್ ಸರ್ಕಾರ 1934ರಿಂದ 1942ರವರೆಗೆ ನಾರ್ತ್ ಡಕೋಟದಿಂದ ಟೆಕ್ಸಸ್‌ವರೆಗೆ ಸುಮಾರು 22 ಕೋಟಿ ಮರ ನೆಡಿಸಿತು. ಶೆಲ್ಟರ್‌ಬೆಲ್ಟ್ ಅಂತ ಹೆಸರು. ದಟ್ಟವಾದ ಮರಸಾಲು ತನ್ನ ಎತ್ತರದ ಹತ್ತು ಪಟ್ಟು ದೂರದವರೆಗೂ ಗಾಳಿಯನ್ನು ಚೆನ್ನಾಗಿ ತಗ್ಗಿಸುತ್ತದೆ. 30 ಅಡಿ ಮರವಿದ್ದರೆ ಅದರ ಹಿಂದೆ 300 ಅಡಿಯೊಳಗೆ ನಿಂತವರಿಗೆ ಲಾಭ. ಅದರಲ್ಲೂ ಹತ್ತಿರದ 60ರಿಂದ 150 ಅಡಿ ಒಳ್ಳೆಯ ಜಾಗ. ಸೀಡರ್‌ನಂಥ ಬುಡದಿಂದಲೇ ಎಲೆ ತುಂಬಿದ ಮರ ಇದ್ದರೆ ಇನ್ನೂ ಉತ್ತಮ.

ಇಲ್ಲೊಂದು ತೊಡಕಿದೆ. ಈ ಕಡೆಯ ರೈತರು ಮರಸಾಲು ಹಾಕುವುದು ಸಾಮಾನ್ಯವಾಗಿ ಮನೆಯ ಉತ್ತರಕ್ಕೆ ಮತ್ತು ಪಶ್ಚಿಮಕ್ಕೆ. ಚಳಿಗಾಲದ ಹಿಮಗಾಳಿ ತಡೆಯಲಿಕ್ಕೆ. ಹಳೆಯ ಹೊಲದಲ್ಲಿ ಎದ್ದ ಕ್ಯಾಂಪ್‌ಗ್ರೌಂಡಿಗೂ ಅದೇ ಮರಗಳು ಬಳುವಳಿ. ಜೂನ್‌ನ ದಕ್ಷಿಣದ ಗಾಳಿಗೆ ಅವು ಏನೂ ಮಾಡುವುದಿಲ್ಲ. ವೆಬ್‌ಸೈಟಿನ ಫೋಟೋದಲ್ಲಿ ಹಸಿರು ತುಂಬಿರುತ್ತದೆ, ನೀವು ಹೋಗಿ ನಿಂತರೆ ದಕ್ಷಿಣಕ್ಕೆ ಬಟಾಬಯಲು. ಹಾಗಾಗಿ 'ಮರ ಇದೆಯಾ?' ಅಂತ ಕೇಳಬೇಡಿ. 'ದಕ್ಷಿಣಕ್ಕೆ ಏನಿದೆ?' ಅಂತ ಕೇಳಿ. ಮರವೇ ಆಗಬೇಕಿಲ್ಲ. ಉದ್ದನೆಯ ಆಫೀಸು ಕಟ್ಟಡ, ದಿಬ್ಬ, ಊರಿನ ಮನೆಗಳ ಸಾಲು, ಯಾವುದಾದರೂ ಸರಿ.

ಫೋನ್ ಮಾಡುವ ಮೊದಲು ಸ್ಯಾಟಲೈಟ್ ಮ್ಯಾಪ್ ತೆರೆದು ನೋಡಿ. ಮರದ ನೆರಳು ಉದ್ದ ಇದ್ದರೆ ಮರ ಎತ್ತರ ಇದೆ. ಪಕ್ಕದಲ್ಲೇ ನಿಂತಿರುವ ಆರ್‌ವಿಯ ನೆರಳಿಗೆ ಹೋಲಿಸಿದರೆ ಅಂದಾಜು ಸಿಗುತ್ತದೆ. ಹೊಸದಾಗಿ ನೆಟ್ಟ ಗಿಡಗಳಿಗೆ ನೆರಳೇ ಕಾಣುವುದಿಲ್ಲ. ಪುಲ್-ಥ್ರೂ ಸೈಟುಗಳು, ಅಂದರೆ ರಿವರ್ಸ್ ತೆಗೆಯದೆ ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಹೊರಡುವವು, ಯಾವ ದಿಕ್ಕಿಗೆ ಮಲಗಿವೆ ಅನ್ನುವುದೂ ಅದರಲ್ಲೇ ಗೊತ್ತಾಗುತ್ತದೆ. ಹೊಸಬರಾದ ನಿಮಗೆ ಪುಲ್-ಥ್ರೂ ಇರಲಿ. ಗಾಳಿಯಲ್ಲಿ 28 ಅಡಿ ಗಾಡಿಯನ್ನು ಹಿಂದಕ್ಕೆ ತೆಗೆಯುತ್ತಾ, ಹಿಂದೆ ನಿಂತು ಕೂಗುವವರ ಮಾತು ಕೇಳಿಸದೆ, ಗಂಡ ಹೆಂಡತಿ ಜಗಳ ಆಡುವುದನ್ನು ಬಹಳ ನೋಡಿದ್ದೇನೆ.

ಮರ ಪಕ್ಕಕ್ಕಿರಲಿ, ತಲೆಯ ಮೇಲೆ ಬೇಡ. ಇಲ್ಲಿನ ನದಿ ದಂಡೆಯಲ್ಲಿ ಕಾಟನ್‌ವುಡ್ ಅನ್ನುವ ದೊಡ್ಡ ಮರ ಬೆಳೆಯುತ್ತದೆ. ನೆರಳು ತಂಪು, ಎಲೆಯ ಸದ್ದು ಮಳೆ ಬಂದಂತೆ ಕೇಳುತ್ತದೆ. ಆದರೆ ಮೆದು ಮರ. ಹಳೆಯದಾದರೆ ಗಾಳಿಗೆ ಕೊಂಬೆ ಮುರಿದು ಬೀಳುತ್ತದೆ. ಕೊಂಬೆಯ ಕೆಳಗಿನ ಸೈಟ್ ಕೊಟ್ಟರೆ ನಾನು ಬೇರೆ ಕೇಳುತ್ತೇನೆ.

ಈಗ ಊರುಗಳು. ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ ನಂಬರುಗಳೇ ಮೈಲಿ ಲೆಕ್ಕ, ಪಶ್ಚಿಮದ ಗಡಿಯಿಂದ ಎಣಿಸಿದ್ದು. ಮಿಚೆಲ್ 332, ಚೇಂಬರ್ಲೇನ್ 263, ಮರ್ಡೋ 192, ಕಡೋಕಾ 150, ವಾಲ್ 110. ಒಂದರಿಂದ ಇನ್ನೊಂದು ಕಳೆದರೆ ದೂರ ಸಿಕ್ಕಿತು. ಗಾಳಿ ಎದ್ದಾಗ ಮುಂದಿನ ತಂಗುದಾಣ ಎಷ್ಟು ದೂರ ಅಂತ ಮ್ಯಾಪ್ ನೋಡುವ ಗೋಜಿಲ್ಲ. ಈ ಐದನ್ನು ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ.

ಮಿಸ್ಸೌರಿ ನದಿಯ ಪೂರ್ವಕ್ಕೆ ಮೆಕ್ಕೆಜೋಳ, ಸೋಯಾ, ತೋಟದ ಮನೆಗಳು, ಮರಸಾಲುಗಳು. ಮಿಚೆಲ್‌ನಲ್ಲಿ ಮರೆ ಹುಡುಕುವುದು ಕಷ್ಟವಲ್ಲ. ಊರಿನ ಉತ್ತರಕ್ಕೆ ಕೆರೆ ದಂಡೆಯಲ್ಲಿ ನಗರಸಭೆಯ ಕ್ಯಾಂಪ್‌ಗ್ರೌಂಡೂ ಇದೆ. ಮಕ್ಕಳಿಗೆ ಗೋಡೆ ತುಂಬ ಮೆಕ್ಕೆಜೋಳದ ತೆನೆ ಅಂಟಿಸಿದ ಕಾರ್ನ್ ಪ್ಯಾಲೇಸ್ ತೋರಿಸಿ, ಅರ್ಧ ಗಂಟೆ ಸಾಕು.

ಚೇಂಬರ್ಲೇನ್ ನನಗೆ ಇಷ್ಟದ ಊರು. ಹೆದ್ದಾರಿ ಬಯಲಿನಿಂದ ಇಳಿದು ಮಿಸ್ಸೌರಿ ಕಣಿವೆಗೆ ಬರುತ್ತದೆ. ಕ್ಯಾಂಪ್‌ಗ್ರೌಂಡುಗಳು ನೀರಿನ ಮಟ್ಟದಲ್ಲಿವೆ, ಊರಿನ ಅಂಚಿನ ಅಮೆರಿಕನ್ ಕ್ರೀಕ್ ಅಂಥದ್ದೊಂದು. ಸುತ್ತ ಕಣಿವೆಯ ಗುಡ್ಡಗಳಿವೆ. ಆದರೆ ಅಲ್ಲಿ ನದಿ ಅಣೆಕಟ್ಟಿನ ಹಿನ್ನೀರು, ಉತ್ತರ-ದಕ್ಷಿಣಕ್ಕೆ ಉದ್ದಕ್ಕೆ ಚಾಚಿದೆ. ದಕ್ಷಿಣದ ಗಾಳಿ ಎದ್ದ ದಿನ ನೀರಿನ ಮೇಲೆ ಅಡ್ಡಿಯಿಲ್ಲದೆ ಓಡಿಬರುತ್ತದೆ. ನೀರಿಗೆ ಅಂಟಿಕೊಂಡ ಮೊದಲ ಸಾಲಿಗೆ ಎಲ್ಲರೂ ಮುಗಿಬೀಳುತ್ತಾರೆ. ನೀವು ಎರಡನೇ ಅಥವಾ ಮೂರನೇ ಸಾಲು ತೆಗೆದುಕೊಳ್ಳಿ. ಮುಂದಿನ ಸಾಲಿನವರ ಗಾಡಿಗಳು ನಿಮಗೆ ಗೋಡೆ. ಮೇಲಿನ ರೆಸ್ಟ್ ಏರಿಯಾದಲ್ಲಿ 50 ಅಡಿ ಎತ್ತರದ ಡಿಗ್ನಿಟಿ ಅನ್ನುವ ಸ್ಟೀಲಿನ ಪ್ರತಿಮೆ ಇದೆ, 2016ರಲ್ಲಿ ನಿಲ್ಲಿಸಿದ್ದು. ಮೂಲನಿವಾಸಿ ಹೆಣ್ಣುಮಗಳು ನಕ್ಷತ್ರದ ಕೌದಿ ಹೊದ್ದು ನಿಂತಿದ್ದಾಳೆ. ಅಪ್ಪ ಅಮ್ಮನನ್ನು ಅಲ್ಲಿ ಇಳಿಸಿ, ಬಾಗಿಲು ಹಿಡಿದುಕೊಂಡು.

ನದಿ ದಾಟಿದ ಮೇಲೆ ಭೂಮಿಯೇ ಬೇರೆ. ಹೊಲ ಮುಗಿದು ಹುಲ್ಲುಗಾವಲು, ದನ, ಮತ್ತೆ ಹುಲ್ಲುಗಾವಲು. ಮರ ವಿರಳ. ಮರ್ಡೋ, ಕಡೋಕಾ, ವಾಲ್‌ನಲ್ಲಿ ಹೆದ್ದಾರಿ ಪಕ್ಕದ ಚಂದದ ಪಾರ್ಕಿಗಿಂತ ಊರೊಳಗಿನ ಸಾದಾ ಪಾರ್ಕ್ ಮೇಲು. ಮನೆಗಳು ಗಾಳಿ ಮುರಿಯುತ್ತವೆ, ಟ್ರಕ್ಕಿನ ಸದ್ದೂ ಕಡಿಮೆ. ಮರ್ಡೋ ದಾಟಿದರೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಬುಕಿಂಗ್ ಆಫೀಸಿನ ಸಮಯ ನೋಡುವಾಗ ನೆನಪಿರಲಿ.

ಬ್ಯಾಡ್‌ಲ್ಯಾಂಡ್ಸ್ ಒಳಗಿನ ಸೀಡರ್ ಪಾಸ್ ಕ್ಯಾಂಪ್‌ಗ್ರೌಂಡಿನಲ್ಲಿ ಕೆಲವು ಸೈಟುಗಳಿಗೆ ಕರೆಂಟ್ ಇದೆ. ನೋಟ ಅದ್ಭುತ, ಮರ ಇಲ್ಲ. ಒಂದು ರಾತ್ರಿಗೆ ಹೋಗಿ, ಮುನ್ಸೂಚನೆ ನೋಡಿಕೊಂಡು. ಪಾರ್ಕಿನ ಇನ್ನೊಂದು ಕ್ಯಾಂಪ್‌ಗ್ರೌಂಡ್ ಸೇಜ್ ಕ್ರೀಕ್ ಪುಕ್ಕಟೆ, ಕಾಡೆಮ್ಮೆ ಪಕ್ಕದಲ್ಲೇ ಓಡಾಡುತ್ತದೆ. ಆದರೆ 18 ಅಡಿಗಿಂತ ಉದ್ದದ ಗಾಡಿಗೆ ಪ್ರವೇಶ ಇಲ್ಲ, ನಿಮ್ಮದು ಹೋಗದು. ವಾಲ್ ಹತ್ತಿರ ಸರ್ಕಾರಿ ಹುಲ್ಲುಗಾವಲಿನ ಕಡಿದಾದ ಅಂಚಿನಲ್ಲಿ ಸಾಲಾಗಿ ನಿಂತ ಆರ್‌ವಿಗಳ ವೀಡಿಯೋ ನೀವು ನೋಡಿರುತ್ತೀರಿ. ಪುಕ್ಕಟೆ ಜಾಗ, ಸೂರ್ಯಾಸ್ತಕ್ಕೆ ಸಾಟಿಯಿಲ್ಲ. ಬಾತ್‌ರೂಮ್ ಇಲ್ಲ, ನೀರಿಲ್ಲ, ಗಾಳಿಗೆ ಒಂದು ಹುಲ್ಲುಕಡ್ಡಿಯೂ ಅಡ್ಡ ಇಲ್ಲ. ಮೊದಲ ಟ್ರಿಪ್ಪಿನಲ್ಲಿ, ಹಿರಿಯರನ್ನು ಕರೆದುಕೊಂಡು, ಬೇಡವೇ ಬೇಡ.

ಮೌಂಟ್ ರಶ್ಮೋರ್ ಇರುವ ಬ್ಲ್ಯಾಕ್ ಹಿಲ್ಸ್ ಗುಡ್ಡಗಳನ್ನು ಸೇರಿದರೆ ಪೈನ್ ಕಾಡು, ಗಾಳಿಯ ಕಾಟ ಅರ್ಧ ಮುಗಿಯಿತು. ಆದರೆ ಅಲ್ಲಿ ತೊರೆಯ ಪಕ್ಕದ ತಗ್ಗು ಸೈಟ್ ಹಿಡಿಯಬೇಡಿ. 1972ರ ಜೂನ್ 9ರ ರಾತ್ರಿ ರ‍್ಯಾಪಿಡ್ ಸಿಟಿಯಲ್ಲಿ ತೊರೆ ಉಕ್ಕಿ 238 ಜನ ಸತ್ತರು. ಮಳೆ ಗುಡ್ಡದ ಮೇಲೆ ಬೀಳುತ್ತದೆ, ನೀರು ಕೆಳಗೆ ಮಲಗಿದವರ ಹತ್ತಿರ ಬರುತ್ತದೆ.

ಜೂನ್ ಈ ರಾಜ್ಯದಲ್ಲಿ ಗುಡುಗು, ಆಲಿಕಲ್ಲು, ಸುಂಟರಗಾಳಿಯ ತಿಂಗಳು. ಹೆದರಿಸಲು ಹೇಳುತ್ತಿಲ್ಲ. ನಿಮ್ಮ ದಾರಿಯಲ್ಲೇ ಬರುವ ವಿವಿಯನ್ ಅನ್ನುವ ಪುಟ್ಟ ಊರಿನಲ್ಲಿ 2010ರ ಜುಲೈ 23ರಂದು ಬಿದ್ದ ಒಂದು ಆಲಿಕಲ್ಲು 8 ಇಂಚು ಅಗಲ, ಸುಮಾರು 880 ಗ್ರಾಂ ತೂಕ ಇತ್ತು. ಅಮೆರಿಕದ ದಾಖಲೆ ಅದು. ಹಾಗಾಗಿ ಪಾರ್ಕಿನವರಿಗೆ ಕೇಳಬೇಕಾದ ಎರಡನೇ ಪ್ರಶ್ನೆ: 'ಬಿರುಗಾಳಿ ಬಂದರೆ ಎಲ್ಲಿಗೆ ಹೋಗಬೇಕು?' ಕಾಂಕ್ರೀಟ್ ಬ್ಲಾಕಿನ ಬಾತ್‌ರೂಮೋ, ನೆಲಮಾಳಿಗೆಯೋ, ಏನಾದರೂ ಥಟ್ಟನೆ ಹೇಳಬೇಕು. ಉತ್ತರ ಕೊಡಲು ತಡವರಿಸಿದರೆ ನಾನು ಮುಂದಿನ ಎಕ್ಸಿಟ್ ನೋಡುತ್ತೇನೆ. ಸುಂಟರಗಾಳಿ ಎಚ್ಚರಿಕೆ ಬಂದಾಗ ಆರ್‌ವಿಯೊಳಗೆ ಕೂರುವ ಹಾಗಿಲ್ಲ.

ಇಲ್ಲಿ ಎಚ್ಚರಿಕೆಯನ್ನು ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಹೆಸರು ಹೇಳಿ ಕೊಡುತ್ತಾರೆ. ಊರಿಗೆ ಹೊಸಬರಿಗೆ ತಾವು ಯಾವ ಕೌಂಟಿಯಲ್ಲಿದ್ದೇವೆ ಅಂತಲೇ ಗೊತ್ತಿರುವುದಿಲ್ಲ. ಆ ಚೀಟಿಯಲ್ಲೇ ಸೇರಿಸಿ: ಮಿಚೆಲ್ ಡೇವಿಸನ್ ಕೌಂಟಿ, ಚೇಂಬರ್ಲೇನ್ ಬ್ರೂಲ್, ಮರ್ಡೋ ಜೋನ್ಸ್, ಕಡೋಕಾ ಜಾಕ್ಸನ್, ವಾಲ್ ಪೆನಿಂಗ್ಟನ್. ನದಿಯ ಪಶ್ಚಿಮಕ್ಕೆ ಮೊಬೈಲ್ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಬ್ಯಾಟರಿಯ ವೆದರ್ ರೇಡಿಯೋ ಒಂದು ತೆಗೆದುಕೊಳ್ಳಿ.

ನನ್ನದೇ ಪೆದ್ದುತನ ಒಂದು ಹೇಳುತ್ತೇನೆ. ಮೊದಲ ಸಲ ಈ ದಾರಿಗೆ ಬಂದಾಗ ಮರ್ಡೋ ಆಚೆಯ ಒಂದು ಪಾರ್ಕಿನಲ್ಲಿ ನಿಂತಿದ್ದೆವು. ಮಧ್ಯಾಹ್ನ ಎಲೆ ಅಲ್ಲಾಡುತ್ತಿರಲಿಲ್ಲ. ಆನಿಂಗ್ ಬಿಚ್ಚಿ, ಕೆಳಗೆ ಕುರ್ಚಿ ಹಾಕಿ, ಎಲ್ಲರೂ ನಡೆದುಕೊಂಡು ಐಸ್‌ಕ್ರೀಮ್ ತರಲು ಹೋದೆವು. ಇಪ್ಪತ್ತು ನಿಮಿಷ. ಪಶ್ಚಿಮದಲ್ಲಿ ಮೋಡ ಕಂಡಿತ್ತು, ದೂರ ಇದೆ ಅಂದುಕೊಂಡೆ. ಮಳೆಗಿಂತ ಮುಂಚೆ ಬರುವ ತಣ್ಣನೆಯ ಗಾಳಿ ಒಂದೇ ಸಲ ಬಡಿಯಿತು. ವಾಪಸ್ ಬಂದು ನೋಡಿದರೆ ಆನಿಂಗ್ ಕಂಬದ ಸಮೇತ ಚಾವಣಿಯ ಮೇಲೆ ಮಗುಚಿ ಬಿದ್ದಿತ್ತು, ಎಸಿಯ ಕವರ್ ಒಡೆದಿತ್ತು. ಬಾಡಿಗೆ ಕರಾರಿನಲ್ಲಿ ಆನಿಂಗ್ ಮತ್ತು ಚಾವಣಿಯ ಹಾನಿ ಬಾಡಿಗೆದಾರನದು ಅಂತ ಸಣ್ಣ ಅಕ್ಷರದಲ್ಲಿತ್ತು. ನಿಮ್ಮದನ್ನೂ ಓದಿ ನೋಡಿ. ಗಾಳಿ ಬಂದಾಗ ತೂರಿಕೋ ಅಂತಾರಲ್ವಾ, ಆನಿಂಗ್ ಇರುವವರು ಗಾಳಿ ಬರುವ ಮೊದಲೇ ಸುತ್ತಿಕೋಬೇಕು. ಗಾಡಿ ಬಿಟ್ಟು ಹತ್ತು ಹೆಜ್ಜೆ ಹೋದರೂ ಸುತ್ತಿ. ರಾತ್ರಿ ಬಿಚ್ಚಿಟ್ಟು ಮಲಗಲೇಬೇಡಿ.

ಫ್ರಿಜ್ ಬಗ್ಗೆಯೂ ಒಂದು ಮಾತು. ಹಲವು ಆರ್‌ವಿ ಫ್ರಿಜ್‌ಗಳು ಗ್ಯಾಸಿನಲ್ಲೂ ಕರೆಂಟಿನಲ್ಲೂ ಓಡುತ್ತವೆ. ಗ್ಯಾಸಿನಲ್ಲಿ ಓಡುವಾಗ ಒಳಗೆ ಒಂದು ಸಣ್ಣ ಉರಿ ಇರುತ್ತದೆ, ಅದರ ಜಾಲರಿ ಹೊರಗೋಡೆಯಲ್ಲಿ. ಗಾಳಿ ನೇರ ಅದಕ್ಕೆ ಬಡಿದರೆ ಉರಿ ಆರಿಹೋಗುವುದುಂಟು. ಬೆಳಗ್ಗೆ ನೋಡಿದರೆ ಮೊಸರು ಹುಳಿ ಬಂದು, ಹಾಲು ಒಡೆದಿರುತ್ತದೆ. ಸೈಟಿನಲ್ಲಿ ಕರೆಂಟ್ ಇದ್ದರೆ ಫ್ರಿಜ್ಜನ್ನು ಕರೆಂಟಿಗೇ ಹಾಕಿ. ಹೇಳಿದ ಹಾಗೆ, ಸೈಟ್ 30 ಆ್ಯಂಪಿನದ್ದಾದರೆ ನಿಮಗೆ ಸಿಗುವುದು 3,600 ವಾಟ್. ಎಸಿ ಓಡುವಾಗ ಮೈಕ್ರೋವೇವೂ ಇನ್‌ಸ್ಟಂಟ್ ಪಾಟೂ ಒಟ್ಟಿಗೆ ಹಚ್ಚಿದರೆ ಬ್ರೇಕರ್ ಬೀಳುತ್ತದೆ.

ಬುಕಿಂಗ್ ಹೀಗೆ ಮಾಡಿ. ಯೆಲ್ಲೋಸ್ಟೋನ್, ಬ್ಲ್ಯಾಕ್ ಹಿಲ್ಸ್ ಈಗಲೇ ಬುಕ್ ಮಾಡಿ, ಅವು ಕಾಯುವುದಿಲ್ಲ. ನಡುವಿನ ಬಯಲಿಗೆ ಚೇಂಬರ್ಲೇನ್ ಒಂದು ರಾತ್ರಿ, ವಾಲ್ ಅಥವಾ ಸೀಡರ್ ಪಾಸ್ ಒಂದು ರಾತ್ರಿ ಹಿಡಿದು, ಒಂದು ಖಾಲಿ ದಿನ ಇಟ್ಟುಕೊಳ್ಳಿ. ಹಿಂದಿನ ದಿನ ರದ್ದು ಮಾಡಿದರೂ ದುಡ್ಡು ವಾಪಸ್ ಕೊಡುವ ಪಾರ್ಕಿಗೆ ಐದು ಡಾಲರ್ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಬುಕಿಂಗ್ ಹೋಗುತ್ತದಲ್ಲಾ ಅನ್ನುವ ಸಂಕಟಕ್ಕೇ ಬಹಳ ಜನ ಹೊರಡಬಾರದ ದಿನ ಹೊರಡುತ್ತಾರೆ. ದೊಡ್ಡ ಚೈನ್ ಬೇಕಾದರೆ ಕೆಒಎ ಇದೆ. ಅದು 1962ರಲ್ಲಿ ಶುರುವಾದದ್ದೇ ಇದೇ ಐ-90 ಹಾದುಹೋಗುವ ಮೊಂಟಾನದ ಬಿಲ್ಲಿಂಗ್ಸ್‌ನಲ್ಲಿ. ಒಂದು ಮಟ್ಟದ ಖಾತ್ರಿ ಸಿಗುತ್ತದೆ. ಆದರೆ ದಕ್ಷಿಣಕ್ಕೆ ಏನಿದೆ ಅನ್ನುವ ಪ್ರಶ್ನೆ ಅವರಿಗೂ ಕೇಳಿ.

ಓಡಿಸುವುದು ಬೆಳಗ್ಗೆ. ಸೂರ್ಯ ಏರಿ ನೆಲ ಕಾದ ಮೇಲೆ ಮೇಲಿನ ಜೋರು ಗಾಳಿ ಕೆಳಕ್ಕೆ ಇಳಿಯುತ್ತದೆ, ಮಧ್ಯಾಹ್ನ ಎರಡರ ನಂತರ ಅದರ ಆಟ. ಆರಕ್ಕೆ ಹೊರಟು ಒಂದಕ್ಕೆ ನಿಲ್ಲಿಸಿದರೆ ಅರ್ಧ ಗಾಳಿ ತಪ್ಪಿಸಿದ ಹಾಗೆ. ಹೆದ್ದಾರಿಯ ಮಿತಿ ಗಂಟೆಗೆ 80 ಮೈಲಿ, ನಿಮಗೆ 60-65 ಸಾಕು. ಹೊರಡುವ ಮೊದಲು ಚಾವಣಿಯ ಫ್ಯಾನ್ ಮುಚ್ಚಳ ಮುಚ್ಚಿ. ಟ್ಯಾಂಕ್ ಅರ್ಧಕ್ಕೆ ಬಂದಾಗಲೇ ತುಂಬಿಸಿ. ಗಸ್ಟ್, ಅಂದರೆ ಇದ್ದಕ್ಕಿದ್ದಂತೆ ರಭಸದಿಂದ ಬೀಸುವ ಗಾಳಿ, 35 ಮೈಲಿ ದಾಟುತ್ತದೆ ಅಂತ ಮುನ್ಸೂಚನೆ ಇದ್ದರೆ, ಹೊಸಬರು ಆ ದಿನ ಹೊರಡುವುದು ಬೇಡ ಅನ್ನುವುದು ನನ್ನ ಅಳತೆ. ಹವಾಮಾನ ಇಲಾಖೆಯವರು ಅಧಿಕೃತ ಗಾಳಿ ಸೂಚನೆ ಕೊಡುವುದು ಗಸ್ಟ್ 46 ದಾಟಿದಾಗ. ಅಲ್ಲಿವರೆಗೆ ಕಾಯಬೇಡಿ.

ಇನ್ನು ನಿಮ್ಮ ತಾಯಿಯವರ ಅಡುಗೆ. ಖಂಡಿತ ಆಗುತ್ತದೆ, ಚೇಂಬರ್ಲೇನ್‌ನಲ್ಲಿ ಮಾಡಿಸಿ. ಬ್ಯಾಡ್‌ಲ್ಯಾಂಡ್ಸ್ ಒಳಗೆ ಸೌದೆ ಬೆಂಕಿ ಹಚ್ಚುವ ಹಾಗಿಲ್ಲ, ಹುಲ್ಲು ಹೊತ್ತಿಕೊಳ್ಳುವ ಭಯ. ಮೂತಿ ಪಶ್ಚಿಮಕ್ಕೆ ನಿಲ್ಲಿಸಿ, ಬಾಗಿಲ ಪಕ್ಕ, ಗಾಡಿಯ ಗೋಡೆಯಿಂದ ನಾಲ್ಕೈದು ಅಡಿ ಬಿಟ್ಟು ಮೇಜು ಹಾಕಿ, ಗ್ಯಾಸ್ ಒಲೆಯ ಮೂರು ಕಡೆಗೂ ತಗಡಿನ ಮರೆ ಇಡಿ. ಹೊತ್ತು ಮುಳುಗುವ ಹೊತ್ತಿಗೆ ಸಾಮಾನ್ಯವಾಗಿ ಗಾಳಿ ಇಳಿಯುತ್ತದೆ. ಎಂಟೂವರೆಗೆ ಒಲೆ ಹಚ್ಚಿದರೆ ಸಾಸಿವೆ ಸಿಡಿಯುವಷ್ಟು ಉರಿ ನಿಲ್ಲುತ್ತದೆ. ಕರಿಬೇವನ್ನು ಮಾತ್ರ ಡಬ್ಬಿಯಲ್ಲಿ ಮುಚ್ಚಿಟ್ಟುಕೊಳ್ಳಲು ಹೇಳಿ. ನಮ್ಮದು ಹಾರಿ ಪಕ್ಕದ ಸೈಟಿನ ಅಜ್ಜನ ಕಾಫಿ ಲೋಟಕ್ಕೆ ಬಿದ್ದಿತ್ತು.